ಒಂಬತ್ತನೇ ರೈಡನ್ನು ಆರಿಸಿದವರು

ನವೆಂಬರ್ 16, ಭಾನುವಾರ. ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಮೊನ್ನೆ ಶುಕ್ರವಾರ ಪೀಣ್ಯ ಎರಡನೇ ಹಂತದಲ್ಲಿ ಕೆಲಸದ ಮೇಲೆ ಹೋಗುವಾಗ ಒಂದು ಪ್ರೆಸ್ ಶಾಪಿನ ಗೇಟಿಗೆ ಬೀಗ ಬಿದ್ದಿರುವುದು ಕಂಡಿತು. ತಗಡನ್ನು ಒತ್ತಿ ವಾಹನಗಳ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ಅದು. ಬೋರ್ಡು ಇಳಿಸಿದ್ದರು. ಯಂತ್ರಗಳನ್ನು ಲಾರಿಗೆ ಹೇರಿಕೊಂಡು ತುಮಕೂರಿನ ಕಡೆ ಹೋದರಂತೆ. ಎದುರಿನ ಟೀ ಅಂಗಡಿಯವನಿಗೆ ಅಷ್ಟೇ ಗೊತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರ ಬಗ್ಗೆ ವಿಚಾರಿಸಲು ನನಗೆ ಉಳಿದಿದ್ದ ಕೊನೆಯ ಜಾಗ ಅದಾಗಿತ್ತು.

ಅವರ ಹೆಸರು ಬರೆಯುವುದಿಲ್ಲ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ. ವಯಸ್ಸು ಮೂವತ್ತೆಂಟರ ಆಸುಪಾಸು. ಆ ಪ್ರೆಸ್ ಶಾಪಿನಲ್ಲಿ ಹದಿನಾಲ್ಕು ವರ್ಷ ಆಪರೇಟರ್ ಆಗಿದ್ದರು. ಆಗ ಲಗ್ಗೆರೆಯಲ್ಲಿ ಬಾಡಿಗೆ ಮನೆ. ನೀಲಿ ಯೂನಿಫಾರ್ಮಿನ ಅಂಗಿಯೊಳಗೆ ಸದಾ ಕಪ್ಪು ಟೀ ಶರ್ಟು. ಡ್ರಮ್ಸ್ ಮುಂದೆ ಕೂರುವ ಮೊದಲು ಅಂಗಿ ಬಿಚ್ಚಿ, ನಾಲ್ಕಾಗಿ ಮಡಚಿ, ಸ್ಟೂಲಿನ ಮೇಲಿಟ್ಟು ಅದರ ಮೇಲೇ ಕೂರುತ್ತಿದ್ದರು. ಏಕೆಂದು ಕೇಳಿದರೆ, "ಎರಡಿಂಚು ಎತ್ತರ ಸಿಗುತ್ತೆ ಮೇಡಂ" ಎಂದರು. ನಾನು ಅಳೆದು ನೋಡಿದೆ. ಮುಕ್ಕಾಲು ಇಂಚೂ ಇರಲಿಲ್ಲ.

ಅಳೆಯುವುದು ನನ್ನ ಕೆಲಸ. ಕಾರ್ಖಾನೆಗಳ ಗೇಜು, ಮೀಟರುಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ಗುರುವಾರ ಮತ್ತು ಭಾನುವಾರ ಸಂಜೆ ಲಗ್ಗೆರೆಯ ಒಂದು ಶೆಡ್ಡಿನಲ್ಲಿ ಹೆವಿ ಮೆಟಲ್ ಬ್ಯಾಂಡಿಗೆ ಡ್ರಮ್ಸ್ ನುಡಿಸುತ್ತೇನೆ. ಬ್ಯಾಂಡಿನ ಗಿಟಾರಿಸ್ಟ್ ಪ್ರವೀಣ, ಅವನೇ ಯಜಮಾನ. ಎರಡು ವರ್ಷ ಆ ಸ್ಟೂಲು ನನ್ನೊಬ್ಬಳದೇ ಆಗಿತ್ತು. ಜನವರಿ 12ರಂದು ಜಾಲಹಳ್ಳಿ ಕ್ರಾಸ್ ಹತ್ತಿರ ಸ್ಕೂಟರಿನಿಂದ ಬಿದ್ದು ಮಣಿಕಟ್ಟಿಗೆ ಪಟ್ಟಿ ಹಾಕಿಸಿಕೊಂಡೆ. ಒಂದು ವಾರಕ್ಕೆ ಪ್ರವೀಣ ಅವರನ್ನು ಕರೆತಂದ.

"ನಿನ್ ಕೈ ಸರಿಹೋಗೋವರ್ಗೂ ಅಷ್ಟೇ ಗುರು. ಟೆಂಪರರಿ."

ಅಲ್ಲಿಂದ ಪಟ್ಟಿ ಬಿಚ್ಚುವವರೆಗಿನ ನಾಲ್ಕು ವಾರ ನಾನು ಗೋಡೆಗೊರಗಿ ಕೂತು ಡೈರಿ ತುಂಬಿಸಿದೆ. ಪ್ರವೀಣನಿಗೆ ಏನಾದರೂ ಹಿಡಿಸಿದರೆ 'ಸಕ್ಕತ್' ಎನ್ನುವ ರೂಢಿ. ನನ್ನ ಕೊನೆಯ ನಾಲ್ಕು ವಾರಗಳಲ್ಲಿ ನನಗೆ ಸಿಕ್ಕ ಸಕ್ಕತ್‌ಗಳು ನಾಲ್ಕು. ಅವರ ಮೊದಲ ನಾಲ್ಕು ವಾರಗಳಲ್ಲಿ ಅವರಿಗೆ ಸಿಕ್ಕಿದ್ದು ಹದಿನೇಳು. ಇದನ್ನು ಹಳೆಯ ಡೈರಿ ತೆಗೆದು ಎಣಿಸಿದ್ದೇನೆ, ನೆನಪಿನಿಂದ ಹೇಳುತ್ತಿಲ್ಲ.

ಶೆಡ್ಡಿನ ಓನರ್ ಅಜ್ಜಿಯ ಮಾತನ್ನು ಲೆಕ್ಕಕ್ಕೆ ಸೇರಿಸಿಲ್ಲ. ಆ ಜಾಗವೆಲ್ಲ ಒಂದು ಕಾಲಕ್ಕೆ ಅವರ ರಾಗಿ ಹೊಲ. ಈಗ ಮೂರು ಶೆಡ್ಡು, ಮೇಲೊಂದು ಮನೆ. ನನ್ನ ಪಟ್ಟಿ ಬಿಚ್ಚಿದ ದಿನ, ಫೆಬ್ರವರಿ 16, ನಾನು ಮತ್ತೆ ನುಡಿಸುತ್ತಿದ್ದಾಗ ಅಜ್ಜಿ ಬಾಗಿಲಿಗೆ ಬಂದು ನಿಂತರು.

"ಏನವ್ವ, ಆವಯ್ಯ ಬರ್ನಿಲ್ವಾ ಇವತ್ತು?"

"ಯಾಕಜ್ಜಿ?"

"ಅವ್ನು ಒಡುದ್ರೆ ಎದೆ ಒಳಿಕ್ಕೆ ಓಯ್ತದೆ. ನೀನು ಒಡುದ್ರೆ ತಲೆನೋವು ಬತ್ತದೆ ಕಣವ್ವ. ಬ್ಯಾಸ್ರ ಮಾಡ್ಕಬ್ಯಾಡ."

ಪ್ರವೀಣ ಗಿಟಾರಿನ ಹಿಂದೆ ಬಗ್ಗಿ ನಕ್ಕ. ನಾನೂ ನಕ್ಕೆ. ಆ ದಿನದ ಪುಟದಲ್ಲಿ ಇನ್ನೇನೂ ಬರೆದಿಲ್ಲ.

ನನ್ನ ಕೈ ಸರಿಹೋದ ಮೇಲೂ ಅವರು ಬರುತ್ತಲೇ ಇದ್ದರು. ಬರಬೇಡಿ ಎಂದು ಯಾರೂ ಹೇಳಲಿಲ್ಲ. ಅವರ ಕೆಲವು ರೀತಿಗಳು ನನಗೆ ಸೊಕ್ಕಿನಂತೆ ಕಾಣುತ್ತಿದ್ದವು. ಹಿಂದಿನಿಂದ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಮಾತಾಡುವಾಗ ಕಣ್ಣು ನೋಡದೆ ಬಾಯಿ ನೋಡುತ್ತಿದ್ದರು. ಪ್ರವೀಣನನ್ನು ತಮ್ಮ ಎದುರಿಗೇ, ಅವನ ಬಲಗೈ ಕಾಣುವ ಹಾಗೆ ನಿಲ್ಲಿಸಿಕೊಳ್ಳುತ್ತಿದ್ದರು. ಸಣ್ಣ ಶೆಡ್ಡಿನಲ್ಲೂ ಮೈದಾನದಲ್ಲಿ ನಿಂತವರಂತೆ ಜೋರಾಗಿ ಮಾತು. ಆದರೆ ಕೈ ಮಾತ್ರ ಬೇರೆ. ಒಂದು ಏಟು ಎಲ್ಲಿ ಬೀಳಬೇಕೋ ಅಲ್ಲಿಯೇ, ಒಂದು ಕೂದಲಿನಷ್ಟೂ ಆಚೀಚೆ ಆಗದೆ. ನಾನು ತಾಳ ಎಣಿಸುವ ಮೆಟ್ರೊನೋಮ್ ಇಟ್ಟುಕೊಂಡು ಮೂರು ವರ್ಷ ಅಭ್ಯಾಸ ಮಾಡಿದ್ದನ್ನು ಅವರು ಎಲ್ಲಿಂದ ತಂದರೋ. ಕೇಳಿದೆ ಕೂಡ.

"ಪ್ರೆಸ್ ನಿಮಿಷಕ್ಕೆ ನಲ್ವತ್ತು ಏಟು ಹೊಡೀತದೆ ಮೇಡಂ. ಏಟಿನ ಮಧ್ಯ ಕೈ ಹಾಕಿ ತಗಡು ಇಡಬೇಕು. ಟೈಮಿಂಗ್ ತಪ್ಪಿದ್ರೆ ಬೆರಳು ಅಲ್ಲೇ" ಎಂದು ಹತ್ತೂ ಬೆರಳು ತೋರಿಸಿದರು. ಮುಖದಲ್ಲಿ ಜಂಬವೇನೂ ಇರಲಿಲ್ಲ. ಜಂಬ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಫೆಬ್ರವರಿ 23ರಂದು ನಮ್ಮ ರೈಡ್ ಸತ್ತಿತು. ರೈಡ್ ಎಂದರೆ ಡ್ರಮ್ಮರಿನ ಬಲಗಡೆ ಇರುವ ದೊಡ್ಡ ಕಂಚಿನ ಸಿಂಬಲ್. ಹಾಡಿನ ಓಟವೆಲ್ಲ ಅದರ ಮೇಲೆ. ನಡುವಿನ ಉಬ್ಬಿಗೆ ಬೆಲ್ ಎನ್ನುತ್ತೇವೆ. ಅಲ್ಲಿ ಹೊಡೆದರೆ ಗಂಟೆಯ ಹಾಗೆ ತೀಕ್ಷ್ಣವಾದ ದನಿ. ಅವತ್ತು ನಾನು ನುಡಿಸಿ ಎದ್ದೆ, ಅವರು ಕೂತರು, ಒಂದೇ ಏಟು ಹೊಡೆದು ನಿಲ್ಲಿಸಿದರು. ಸಿಂಬಲ್ ಬಿಚ್ಚಿ, ನಡುವಿನ ತೂತಿಗೆ ಬೆರಳು ತೂರಿಸಿ ನೇತುಹಾಕಿ, ಸ್ಕ್ರೂಡ್ರೈವರಿನ ಹಿಡಿಯಿಂದ ಸುತ್ತಲೂ ಮೆಲ್ಲಗೆ ತಟ್ಟಿದರು. ಕಾರ್ಖಾನೆಯಲ್ಲಿ ಗ್ರೈಂಡಿಂಗ್ ಚಕ್ರವನ್ನು ಯಂತ್ರಕ್ಕೆ ಹಾಕುವ ಮೊದಲು ಹೀಗೆಯೇ ತಟ್ಟಿ ನೋಡುತ್ತಾರೆ. ಬಿರುಕಿದ್ದರೆ ಅದು ದನಿ ಕೊಡುವುದಿಲ್ಲ. ತಿಳಿಯದೆ ಹಾಕಿದರೆ ಸಿಡಿದು ಮುಖಕ್ಕೆ ಬರುತ್ತದೆ.

"ಇಲ್ಲಿ ಸತ್ತೋಗಿದೆ" ಎಂದು ಒಂದು ಕಡೆ ಉಗುರು ಇಟ್ಟರು.

ಯಾರ ಕಣ್ಣಿಗೂ ಏನೂ ಕಾಣಲಿಲ್ಲ. ನಾನು ಮರುದಿನ ಲ್ಯಾಬಿಗೆ ಒಯ್ದು ಲೆನ್ಸಿನಡಿ ಇಟ್ಟೆ. ಅವರ ಉಗುರಿನ ಗುರುತಿನಡಿಯಲ್ಲೇ ಆರು ಮಿಲಿಮೀಟರ್ ಬಿರುಕು. ಅವತ್ತಿನ ಡೈರಿಯಲ್ಲಿ ಬರೆದುಕೊಂಡಿದ್ದೇನೆ: 'ಇಂಥ ಕಿವಿ ನನಗೇಕೆ ಇಲ್ಲ.'

ಮಾರ್ಚ್ 29ಕ್ಕೆ ವೈಟ್‌ಫೀಲ್ಡಿನಲ್ಲಿ ನಮಗೆ ಮೊದಲ ದೊಡ್ಡ ಕಾರ್ಯಕ್ರಮ ಸಿಕ್ಕಿತ್ತು. ವೇದಿಕೆ ಮೇಲೆ ಒಬ್ಬರೇ ಡ್ರಮ್ಮರ್. ಯಾರು ಎಂಬ ಮಾತನ್ನು ಪ್ರವೀಣ ಎತ್ತಲೇ ಇಲ್ಲ. "ಮೊದ್ಲು ರೈಡ್ ತನ್ನಿ. ಎರಡೂ ಗಿಟಾರ್ ಫುಲ್ ಇಟ್ರೂ ಕೇಳ್ಬೇಕು. ಇಬ್ರೂ ನುಡ್ಸಿ, ಆಮೇಲೆ ನೋಡೋಣ ಮಗಾ" ಎಂದ. ದುಡ್ಡು ಬ್ಯಾಂಡಿನದು, ಆರಿಸುವುದು ನಾವಿಬ್ಬರು. ಆರಿಸಿದವರೇ ವೇದಿಕೆ ಹತ್ತುತ್ತಾರೆ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡೆ.

ಮಾರ್ಚ್ 2, ಭಾನುವಾರ, ಯಶವಂತಪುರದ ಕಡೆಯ ಒಂದು ವಾದ್ಯದಂಗಡಿ. ರೈಡ್‌ಗಳು ಒಟ್ಟು ಹದಿನಾಲ್ಕು. ನಾನು ಎಲ್ಲಕ್ಕೂ ನಂಬರ್ ಚೀಟಿ ಅಂಟಿಸಿದೆ. ವ್ಯಾಸ, ತೂಕ, ಬೆಲ್ಲಿನ ಅಗಲ ಬರೆದುಕೊಂಡೆ. ಲ್ಯಾಬಿನಿಂದ ಶಬ್ದ ಅಳೆಯುವ ಮೀಟರನ್ನೂ ತಂದಿದ್ದೆ. ಒಂದು ಮೀಟರ್ ದೂರದಲ್ಲಿಟ್ಟು ಒಂದೊಂದಕ್ಕೂ ಐದು ಏಟು. ಮೂರನೇ ನಂಬರು ಎಲ್ಲಕ್ಕಿಂತ ಜೋರು. ಅವರು ಅಷ್ಟೂ ಹೊತ್ತು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು.

"ಆಯ್ತಾ ಮೇಡಂ? ಏನಂತದೆ ನಿಮ್ ಮೀಟ್ರು?"

"ಮೂರು."

"ಜೋರಾಗಿರೋದು ಬೇರೆ, ಕೇಳ್ಸೋದು ಬೇರೆ. ನೀವು ಒಳಗೆ ಹೊಡೀರಿ. ಒಂದೊಂದಕ್ಕೂ ಇಪ್ಪತ್ತು ಏಟು, ಒಂದೇ ಸಮ ಬೇಡ, ಬಿಟ್ಟು ಬಿಟ್ಟು. ನಾನು ರಸ್ತೆ ಆ ಕಡೆ ತಿರುಗಿ ನಿಂತ್ಕೋತೀನಿ. ಕೇಳ್ಸಿದಾಗ ಕೈ ಎತ್ತೀನಿ. ನೀವು ಲೆಕ್ಕ ಬರ್ಕೊಳ್ಳಿ. ಲೆಕ್ಕ ಅಂದ್ರೆ ನಿಮಗೆ ಇಷ್ಟ ಅಲ್ವಾ."

ಮಧ್ಯೆ ಬಸ್ಸು, ಆಟೋ, ಟಿಪ್ಪರ್. ಅವರು ನಮಗೆ ಬೆನ್ನು ಮಾಡಿ ಬಸ್ ಸ್ಟಾಪಿನಲ್ಲಿ ನಿಂತು ಕೈ ಎತ್ತಿ ಇಳಿಸುತ್ತಿದ್ದರು. ಬಸ್ಸಿಗೆ ಕೈ ತೋರಿಸುತ್ತಿದ್ದಾರೆಂದು ಎರಡು ಬಸ್ ಸುಮ್ಮನೆ ನಿಂತು, ಕಂಡಕ್ಟರ್‌ಗಳು ಬೈದು ಹೋದರು. ಅಂಗಡಿಯವನು ತಲೆ ಹಿಡಿದುಕೊಂಡು ಕೂತ. "ಮೇಡಂ, ಇನ್ನೂ ಎಷ್ಟಿದೆ? ಫೋನಲ್ಲಿ ಏನ್ ಮಾತಾಡ್ತಾವ್ರೆ ಅಂತಾನೇ ಗೊತ್ತಾಗ್ತಿಲ್ಲ!"

ಮೂರನೇ ನಂಬರಿಗೆ ಇಪ್ಪತ್ತರಲ್ಲಿ ಆರು ಸಲ ಕೈ ಎತ್ತಿದರು. ಐದಕ್ಕೆ ನಾಲ್ಕು. ಹನ್ನೊಂದಕ್ಕೆ ಒಂಬತ್ತು. ಒಂಬತ್ತನೇ ನಂಬರಿಗೆ ಇಪ್ಪತ್ತಕ್ಕೆ ಇಪ್ಪತ್ತು. ಇಪ್ಪತ್ತೆರಡು ಇಂಚಿನ ದಪ್ಪ ತಟ್ಟೆ ಅದು. ಬೆಲ್ ಕಾಫಿ ಲೋಟದ ತಟ್ಟೆಯಷ್ಟು ಅಗಲ. ಒಂದೊಂದು ಏಟೂ ಒಂದೊಂದು ಕಾಳಿನ ಹಾಗೆ ಬಿಡಿಬಿಡಿ.

ಆಮೇಲೆ ನಾನು ಅವರ ಜಾಗದಲ್ಲಿ ನಿಂತೆ, ಅಂಗಡಿಯವನ ಕೈಗೆ ಕೋಲು ಕೊಟ್ಟೆ. ಮೂರನೇ ನಂಬರು ನನಗೆ ಹತ್ತೊಂಬತ್ತು ಸಲ ಕೇಳಿಸಿತು. ಹನ್ನೊಂದು ಹದಿನೆಂಟು ಸಲ. ಒಂಬತ್ತು ಇಪ್ಪತ್ತೂ. ಅವರ ಲೆಕ್ಕದ ಪಕ್ಕ ನನ್ನ ಲೆಕ್ಕ ಬರೆದು, ಅಡಿಯಲ್ಲಿ ಷರಾ ಹಾಕಿದೆ: 'ಅವರಿಗೆ ಗಮನ ಕಡಿಮೆ.' ಬರೆಯುವಾಗ ಖುಷಿಯಾಗಿತ್ತು ಎಂಬುದು ಚೆನ್ನಾಗಿ ನೆನಪಿದೆ.

ಒಂಬತ್ತನ್ನು ಅವತ್ತೇ ಕೊಳ್ಳಬಹುದಿತ್ತು. ಆದರೆ ಅವರದೊಂದು ಪದ್ಧತಿ. ಮೂರು ಸಲ ಕೇಳದೆ ಸಿಂಬಲ್ ಕೊಳ್ಳುವುದಿಲ್ಲ: ರಜೆಯ ದಿನ ಒಂದು ಸಲ, ಮೊದಲ ಶಿಫ್ಟ್ ಮುಗಿಸಿ ಬಂದು ಒಂದು ಸಲ, ಎರಡನೇ ಶಿಫ್ಟಿಗೆ ಹೋಗುವ ಮುಂಚೆ ಒಂದು ಸಲ. "ಕಿವಿ ದಿನಾ ಒಂದೇ ಥರ ಇರಲ್ಲ ಮೇಡಂ. ಮೂರು ದಿನಾನೂ ಪಾಸಾಗ್ಬೇಕು." ಮಂಗಳವಾರ ಮೊದಲ ಶಿಫ್ಟ್ ಮುಗಿಸಿ, ಎಣ್ಣೆ ಕಲೆಯ ಯೂನಿಫಾರ್ಮಿನಲ್ಲೇ ಅಂಗಡಿಗೆ ಬಂದು ಮತ್ತೆ ಬಸ್ ಸ್ಟಾಪಿನಲ್ಲಿ ನಿಂತರಂತೆ. ಒಂಬತ್ತು ಪಾಸು. ಅವರ ಶಿಫ್ಟ್ ಬದಲಾಗುವುದು ಮುಂದಿನ ಸೋಮವಾರ. ಅಲ್ಲಿಯವರೆಗೆ ಇಟ್ಟಿರಲು ಅಂಗಡಿಯವನಿಗೆ ಹೇಳಿಹೋದರು.

ನಾನು ಸೋಮವಾರದವರೆಗೆ ಕಾಯಲಿಲ್ಲ. ಮಾರ್ಚ್ 5, ಬುಧವಾರ, ಮೀಟರಿನ ಮೇಲೆ ನಂಬಿಕೆಯಿಟ್ಟು ಮೂರನೇ ನಂಬರನ್ನು ತಂದೆ. ಒಂದು ವಾರದೊಳಗೆ ಬದಲಾಯಿಸಿಕೊಡುವ ಕರಾರು ಇತ್ತು. ಗುರುವಾರ ಸಂಜೆ ಶೆಡ್ಡಿನಲ್ಲಿ ಗಿಟಾರುಗಳು ಶುರುವಾದದ್ದೇ ತಡ, ನನ್ನ ರೈಡ್ ಮಾಯ. ಒಬ್ಬಳೇ ಹೊಡೆದಾಗ ಕಿವಿ ಗುಯ್‌ಗುಡುವಷ್ಟು ಜೋರು. ಗಿಟಾರಿನ ಜೊತೆ ಸೇರಿದರೆ ಅದೇ ಗದ್ದಲದಲ್ಲಿ ಕರಗಿ ಹೋಗುತ್ತದೆ.

"ಗುರು, ಇದು ಟೇಬಲ್ ಫ್ಯಾನ್ ಥರ ಇದೆ" ಎಂದ ಪ್ರವೀಣ. "ಹೊಡೀತಿದ್ದೀಯಾ, ಸುಮ್ನೆ ಗಾಳಿ ಬೀಸ್ತಿದ್ದೀಯಾ?"

ಅವರು ಅವತ್ತು ಬಂದಿರಲಿಲ್ಲ. ಅದೊಂದೇ ಪುಣ್ಯ.

ಶುಕ್ರವಾರ ಮಧ್ಯಾಹ್ನ ಲ್ಯಾಬಿನಿಂದ ಅರ್ಧ ದಿನ ರಜೆ ಹಾಕಿ ಅಂಗಡಿಗೆ ಹೋದೆ. ಮೂರನ್ನು ಕೊಟ್ಟು ಒಂಬತ್ತು ಕೇಳಿದೆ.

"ಅದು ಆ ಅಣ್ಣಂಗೆ ಎತ್ತಿಟ್ಟಿರೋದು ಮೇಡಂ. ಸೋಮವಾರ ಬರ್ತಾರೆ."

"ನಾವಿಬ್ರೂ ಒಂದೇ ಬ್ಯಾಂಡು ಕಣ್ರೀ" ಎಂದೆ.

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅವನು ಒಂಬತ್ತನ್ನು ಚೀಲಕ್ಕೆ ಹಾಕಿ ಕೊಟ್ಟ.

ಮಾರ್ಚ್ 9, ಭಾನುವಾರ, ಸಂಜೆ 5 ಗಂಟೆ 10 ನಿಮಿಷ. ಎಲ್ಲರೂ ಶುರು ಮಾಡಿದೆವು. ರೈಡ್ ಎರಡು ಗಿಟಾರುಗಳ ನಡುವಿನಿಂದ ಎದ್ದು ಬಂದು ಎದೆಗೆ ಬಡಿಯಿತು. ಪ್ರವೀಣ ನುಡಿಸುತ್ತಲೇ ಬಾಯಿ ತೆರೆದು ನನ್ನ ಕಡೆ ನೋಡಿದ. ಮೂರನೇ ಹಾಡಿಗೆ ಅವರು ಬಂದರು. ಹೆಲ್ಮೆಟ್ ತೆಗೆದು ಬಾಗಿಲಲ್ಲಿ ನಿಂತರು. ನಾನು ಬೆಲ್ಲಿಗೆ ಹೊಡೆದೆ. ಅವರ ಮುಖ ನೇರ ರೈಡಿನ ಕಡೆ ತಿರುಗಿತು, ಆಮೇಲೆ ನನ್ನ ಕಡೆ. ಹಾಡು ಮುಗಿಯುವವರೆಗೂ ಹಾಗೆಯೇ ನಿಂತಿದ್ದರು.

"ಸಕ್ಕತ್! ಸಕ್ಕತ್ ಗುರು!" ಪ್ರವೀಣ ಎರಡು ಸಲ ಅಂದ. "ಯಾರು ಸೆಲೆಕ್ಟ್ ಮಾಡಿದ್ದು ಇದನ್ನ?"

ಅವರು ಏನಾದರೂ ಹೇಳಲಿ ಎಂದು ಎರಡು ಕ್ಷಣ ಕಾದೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ನಾನು" ಎಂದೆ.

ಅವರು ಅಂಗಿಯ ಗುಂಡಿ ಬಿಚ್ಚತೊಡಗಿದ್ದರು. ಬಿಚ್ಚಿದ ಎರಡನ್ನು ಮತ್ತೆ ಹಾಕಿಕೊಂಡರು. "ಮೂರನೇ ಸಲ ಕೇಳೋ ಕೆಲಸ ತಪ್ತು ಮೇಡಂ. ಸರಿಯಾದ್ದೇ ತಂದಿದ್ದೀರ" ಎಂದರು. ದನಿಯಲ್ಲಿ ವ್ಯಂಗ್ಯ ಇದೆಯೇ ಎಂದು ಹುಡುಕಿದೆ. ಇವತ್ತಿಗೂ ಸಿಕ್ಕಿಲ್ಲ.

ಆ ಸಂಜೆಯೇ ಪ್ರವೀಣ ವೈಟ್‌ಫೀಲ್ಡಿಗೆ ನನ್ನ ಹೆಸರು ಹೇಳಿದ.

ಅಲ್ಲಿಗೇ ಅವರು ಬರುವುದು ನಿಲ್ಲಿಸಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಇನ್ನೂ ಎರಡು ಭಾನುವಾರ ಬಂದರು. ರೈಡ್ ಸ್ಟ್ಯಾಂಡಿನಲ್ಲಿ ಸಿಂಬಲಿನಡಿ ಹಾಕುವ ಫೆಲ್ಟ್ ಬಿಲ್ಲೆ ಸವೆದಿತ್ತೆಂದು ಕಾರ್ಖಾನೆಯ ಗುಜರಿ ಫೆಲ್ಟಿನಿಂದ ದುಂಡಗೆ ಕತ್ತರಿಸಿ ತಂದು ಹಾಕಿದರು. ತಟ್ಟೆಯನ್ನು ನನ್ನ ಕಡೆ ಬಾಗಿಸಿ ಕೋನ ಸರಿಮಾಡಿದರು. "ಬೆಲ್ಲಿಗೆ ಕೋಲಿನ ತುದಿಲಿ ಹೊಡೀಬೇಡಿ. ಭುಜದಲ್ಲಿ ಹೊಡೀರಿ, ಈ ದಪ್ಪ ಜಾಗದಲ್ಲಿ. ಆಗ ಕೊನೆ ಸಾಲಿಗೂ ಹೋಗುತ್ತೆ" ಎಂದು ನನ್ನ ಕೋಲು ತೆಗೆದುಕೊಂಡು ತೋರಿಸಿದರು. ಅದೇ ಸಿಂಬಲ್, ಅದೇ ಕೋಲು; ಅವರ ಕೈಯಲ್ಲಿ ಅದರ ದನಿಯೇ ಬೇರೆ. ಕಿತ್ತುಕೊಂಡ ವಸ್ತುವಿನ ಮೇಲೂ ಅಸೂಯೆ ಪಡಬಹುದೆಂದು ನನಗೆ ಅವತ್ತು ಗೊತ್ತಾಯಿತು. ಮಾರ್ಚ್ 23 ಅವರು ಬಂದ ಕೊನೆಯ ದಿನ. 29ರಂದು ವೈಟ್‌ಫೀಲ್ಡಿನಲ್ಲಿ ಆರು ಹಾಡು ನುಡಿಸಿದೆ. ಬೆಲ್ಲಿಗೆ ಕೋಲಿನ ಭುಜದಲ್ಲೇ ಹೊಡೆದೆ. ಜನ ಕೂಗಿದರು. ಅವರು ಬಂದಿರಲಿಲ್ಲ.

ಜುಲೈ 11, ಶುಕ್ರವಾರ, ಗೇಜುಗಳ ತಪಾಸಣೆಗೆ ಅದೇ ಪ್ರೆಸ್ ಶಾಪಿಗೆ ನನ್ನನ್ನೇ ಕಳಿಸಿದರು. ಅಲ್ಲಿ ಒಳಗೆ ನಿಂತರೆ ಪಕ್ಕದವರ ಮಾತು ಕೇಳುವುದಿಲ್ಲ. ನನ್ನ ಬ್ಯಾಗಿನಲ್ಲಿ ಡ್ರಮ್ ಕೋಲು ಕಂಡು ಸೂಪರ್‌ವೈಸರ್ ನಕ್ಕ.

"ನೀವೂನಾ ಮೇಡಂ? ನಮ್ಮಲ್ಲೂ ಒಬ್ಬ ಇದ್ದ ಡ್ರಮ್ಸ್ ಹುಚ್ಚ. ಏಪ್ರಿಲಲ್ಲಿ ಬಿಟ್ಟೋದ."

"ಯಾಕೆ?"

"ಜನವರಿಲಿ ಕಿವಿ ಟೆಸ್ಟ್ ಮಾಡ್ಸಿದ್ವಿ. ಪಾಪ, ಸಣ್ಣ ದನಿಯೆಲ್ಲ ಹೋಗ್ಬಿಟ್ಟಿದೆ, ಎಡಗಿವಿ ಅಂತೂ ಲೆಕ್ಕಕ್ಕೇ ಇಲ್ಲ. ಪ್ರೆಸ್ ಬೇಡಪ್ಪ ಅಂತ ಸ್ಟೋರಿಗೆ ಹಾಕೋಣ ಅಂದ್ವಿ. ಮೆಷಿನ್ ಬಿಟ್ಟು ಚೀಟಿ ಬರೆಯೋ ಕೆಲಸ ನನಗಾಗಲ್ಲ ಅಂದ. ಬೇರೆ ಕಡೆ ಆಪರೇಟರಾಗೇ ಸೇರ್ತೀನಿ ಅಂತ ಹೋದ. ಅಲ್ಲಿ ಕಿವಿ ವಿಷಯ ಹೇಳಿರಲ್ಲ ಬಿಡಿ."

ಹೆಸರು ಬರೆಯದಿರುವುದಕ್ಕೆ ಕಾರಣ ಇದು. ಈಗ ಎಲ್ಲಿದ್ದಾರೋ ಅಲ್ಲಿ ಇದು ಗೊತ್ತಾದರೆ ಅವರನ್ನು ಮತ್ತೆ ಮೆಷಿನ್ನಿನಿಂದ ಎಬ್ಬಿಸುತ್ತಾರೆ. ಎಬ್ಬಿಸುವುದೇ ಅವರ ಕಿವಿಗೆ ಒಳ್ಳೆಯದಿರಬಹುದು. ಆದರೆ ಒಂದು ಸ್ಟೂಲಿನಿಂದ ಅವರನ್ನು ಎಬ್ಬಿಸಿದವಳು ನಾನು. ಎರಡನೆಯದಕ್ಕೂ ನಾನೇ ಕಾರಣವಾಗಲಾರೆ.

ಮನೆಗೆ ಬಂದು ಮಾರ್ಚ್ 2ರ ಪುಟ ತೆಗೆದೆ. ಅವರ ಲೆಕ್ಕ, ಪಕ್ಕದಲ್ಲಿ ನನ್ನ ಲೆಕ್ಕ. ಮೂರನೇ ನಂಬರಿಗೆ ಆರು, ಹತ್ತೊಂಬತ್ತು. ಹನ್ನೊಂದಕ್ಕೆ ಒಂಬತ್ತು, ಹದಿನೆಂಟು. ಎರಡು ಅಂಕಣ ಒಂದಕ್ಕೊಂದು ತಾಳೆಯಾಗದಿದ್ದರೆ ಉಪಕರಣ ಪರೀಕ್ಷಿಸಬೇಕು ಎಂಬುದು ನನ್ನ ವೃತ್ತಿಯ ಮೊದಲ ಪಾಠ. ದಿನಕ್ಕೆ ಎಂಟು ಗಂಟೆ ಅದೇ ಮಾಡುವ ನಾನು 'ಗಮನ ಕಡಿಮೆ' ಎಂದು ಬರೆದು ಪುಟ ಮಗುಚಿದ್ದೆ. ಶಿಫ್ಟ್ ಮುಗಿಸಿ ಬಂದು ಏಕೆ ಕೇಳಬೇಕಿತ್ತು ಎಂಬುದೂ ಆಗ ತಿಳಿಯಿತು: ಇಡೀ ಶಿಫ್ಟ್ ಪ್ರೆಸ್ಸಿನ ಸದ್ದು ತಿಂದ ಕಿವಿ ಇನ್ನಷ್ಟು ಮಂದವಾಗಿರುತ್ತದೆ. ಹದಿನಾಲ್ಕು ರೈಡುಗಳಲ್ಲಿ ಅವರಿಗೆ ಪೂರ್ತಿ ಕೇಳಿಸುತ್ತಿದ್ದದ್ದು ಒಂದೇ ಒಂದು. ನನಗೆ ಬೇರೆಯವೂ ಇದ್ದವು.

ಇದು ತಿಳಿದ ಮೇಲೆ ಅಸೂಯೆ ಹೋಗಬೇಕಿತ್ತು. ಸುಳ್ಳು ಬರೆಯಲಾರೆ, ಹೋಗಲಿಲ್ಲ. ಅರ್ಧ ಕಿವಿಯಲ್ಲಿ, ಬೆರಳಿಗೆ ತಾಗುವ ಕಂಪನದಲ್ಲಿ, ಪ್ರವೀಣನ ಕೈ ನೋಡಿಕೊಂಡು ಅವರು ಅಷ್ಟು ನುಡಿಸುತ್ತಿದ್ದರು. ನನ್ನ ಎರಡು ಕಿವಿಯೂ ಸರಿಯಿವೆ, ಲ್ಯಾಬಿನಲ್ಲೇ ಪರೀಕ್ಷಿಸಿಕೊಂಡಿದ್ದೇನೆ. ಆ ಲೆಕ್ಕ ಹಾಕಿದರೆ ಹೊಟ್ಟೆಕಿಚ್ಚು ಮೊದಲಿಗಿಂತ ಹೆಚ್ಚು.

ಜುಲೈ 13ರಂದು ಪ್ರವೀಣನಿಗೆ ಎಲ್ಲ ಹೇಳಿದೆ. ಗಿಟಾರಿನ ತಂತಿ ಒರೆಸುತ್ತಿದ್ದವನು ಬಟ್ಟೆ ಕೆಳಗಿಟ್ಟ.

"ಅವತ್ತೇ ಹೇಳಿದ್ರೆ ಇಬ್ರನ್ನೂ ಇಟ್ಕೋತಿದ್ದೆ ಗುರು. ಮೂರು ಹಾಡು ಅವರು, ಮೂರು ಹಾಡು ನೀನು" ಎಂದ. "ಈಗ ಅವರ ಫೋನೂ ಸ್ವಿಚ್ ಆಫು, ಮನೇನೂ ಖಾಲಿ ಮಾಡವ್ರೆ."

ಹೀಗೂ ಆಗಬಹುದಿತ್ತು ಎಂದು ನಾನು ಯಾವ ಪುಟದಲ್ಲೂ ಬರೆದುಕೊಂಡಿರಲಿಲ್ಲ.

ಒಂಬತ್ತನೇ ರೈಡ್ ಈಗ ನನ್ನ ಮನೆಯಲ್ಲಿದೆ. ಅದರ ಬದಲಿಗೆ ಬ್ಯಾಂಡಿಗೆ ಹನ್ನೊಂದನೇ ನಂಬರು ತಂದುಕೊಟ್ಟಿದ್ದೇನೆ. ಪ್ರವೀಣನಿಗೆ ಅದೂ ಸಾಕಾಗುತ್ತದೆ, ನನಗೂ. ಜುಲೈ 13ರಿಂದ ಒಂಬತ್ತರ ಮೇಲೆ ಕೋಲಿಟ್ಟಿಲ್ಲ. ಅದು ಅವರದು.

ಇದನ್ನು ಓದುವ ಯಾರಿಗಾದರೂ ಹೊಸದಾಗಿ ಬಂದ ಒಬ್ಬ ಪ್ರೆಸ್ ಆಪರೇಟರ್ ಗೊತ್ತಿರಬಹುದು. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಜೋರಾಗಿ ಮಾತಾಡುತ್ತಾರೆ, ಬಿಡುವಿನಲ್ಲಿ ಡ್ರಮ್ಸ್ ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಾರೆ. ಪೀಣ್ಯ, ದಾಬಸ್‌ಪೇಟೆ, ತುಮಕೂರು, ಎಲ್ಲಿಯಾದರೂ ಸರಿ. ಅವರ ಮೇಲಿನವರಿಗೆ ಏನೂ ಹೇಳಬೇಡಿ. ಸಂಪಾದಕರ ಮೂಲಕ ನನಗೊಂದು ಸಾಲು ಬರೆಯಿರಿ. ಸಿಂಬಲ್ ಹೊತ್ತುಕೊಂಡು ನಾನೇ ಬರುತ್ತೇನೆ, ಅದನ್ನು ಆರಿಸಿದ್ದು ಯಾರೆಂದು ಅಲ್ಲಿರುವವರ ಮುಂದೆ ಹೇಳುತ್ತೇನೆ. ವಿಳಾಸ ತಿಳಿಯದಿದ್ದರೆ, ಅವರು ಈಗಲೂ ನುಡಿಸುತ್ತಿದ್ದಾರೆಯೇ ಎಂಬುದನ್ನಾದರೂ ತಿಳಿಸಿ. ಹೌದು, ಚೆನ್ನಾಗಿ ನುಡಿಸುತ್ತಿದ್ದಾರೆ ಎಂದು ನೀವು ಬರೆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಆದರೂ ದಯವಿಟ್ಟು ಬರೆಯಿರಿ.